ಅಂಟಿಸಿದ ಹನ್ನೊಂದು ಕಾರ್ಡು

ಕೊಳ್ಳೇಗಾಲ
೧೧-೮-೧೯೭೪

ಚಿರಂಜೀವಿ ಗುರುಸ್ವಾಮಿಗೆ,

ನಿನ್ನ ಅಕ್ಕ ವಸಂತಮ್ಮ ಮಾಡುವ ಆಶೀರ್ವಾದಗಳು. ನಾನು ಕ್ಷೇಮ. ನಿನ್ನ ಕ್ಷೇಮವನ್ನು ಕೇಳಬೇಕಾಗಿಲ್ಲ. ನೀನು ಕಳಿಸಿದ ಆಹ್ವಾನ ಪತ್ರಿಕೆಯಲ್ಲಿ ನಿನ್ನ ಹೆಸರು ದೇವರ ಹೆಸರಿಗಿಂತ ದಪ್ಪಗೆ ಅಚ್ಚಾಗಿದೆ.

ಮುಂದಿನ ಭಾನುವಾರ ಆರೋಗ್ಯಮೇರಿಯನ್ನು ಯಳಂದೂರಿಗೆ ಕರೆತರಬೇಕು, ನಿಮ್ಮ ಅಲ್ಪಸಂಖ್ಯಾತ ವಿದ್ಯಾರ್ಥಿ ಸಹಾಯ ಸಮಿತಿ ಅವಳಿಗೆ ಸನ್ಮಾನ ಮಾಡುತ್ತದೆ ಎಂದು ಬರೆದಿದ್ದೀಯ. ಆ ಸಹಾಯಕ್ಕೆ ಆದ ಖರ್ಚನ್ನು ಮೊದಲು ನೋಡೋಣ. ಹೋದ ವರ್ಷ ಸಮಿತಿಯ ಉದ್ಘಾಟನೆಯ ದಿನದ ಊಟ ನೂರ ಹನ್ನೆರಡು. ಆಹ್ವಾನ ಪತ್ರಿಕೆ ಅರವತ್ತೈದು. ಮೈಕು, ಶಾಮಿಯಾನ ಐವತ್ತು. ಫೋಟೋ ನಲವತ್ತು. ಗಂಧದ ಹಾರ ಹದಿನೆಂಟು, ಅದೂ ನಿನ್ನ ಕೊರಳಿಗೆ. ಹುಡುಗಿಯ ಕೈಗೆ ಎಪ್ಪತ್ತೈದು. ಒಟ್ಟು ಮುನ್ನೂರ ಅರವತ್ತು. ಅವತ್ತು ನೀನು, ಕಂಪ್ಯೂಟರ್ ಮನುಷ್ಯರಿಗಿಂತ ಬುದ್ಧಿವಂತ ಯಂತ್ರ ಎಂದು ಭಾಷಣ ಮಾಡಿದೆ. ವೇದಿಕೆಯ ಮೇಲೆ ಕೂತವರನ್ನು ನೋಡಿ ನಾನೂ ನಂಬಿದೆ.

ನಿನ್ನ ಸದಸ್ಯರಿಗೆ ಹುಡುಗಿಯ ಮುಖ ಮರೆತಿರಬಹುದು, ಓದಿ ಹೇಳು. ಹನೂರಿನಾಚೆ ಮಾರ್ಟಳ್ಳಿಯ ಕ್ರೈಸ್ತರ ಮಗಳು. ಓದಲೆಂದು ಕೊಳ್ಳೇಗಾಲಕ್ಕೆ ಬಂದು, ನಾಲ್ಕು ವರ್ಷ ಸಂಜೆ ಹೊತ್ತು ನನ್ನ ಮಗ್ಗದ ಮನೆಯಲ್ಲಿ ರಟ್ಟಿಗೆ ತೂತು ಹೊಡೆದವಳು. ಸೆರಗಿನ ಹೂವಿಗೆ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಜಕಾರ್ಡ್ ಮಗ್ಗಕ್ಕೆ ಹೇಳುವುದು ಆ ರಟ್ಟಿನ ತೂತುಗಳೇ. ಕಂಪ್ಯೂಟರಿಗೂ ಹಾಗೆಯೇ ಕಾರ್ಡಿನಲ್ಲಿ ತೂತು ಹೊಡೆಯುವ ಕೆಲಸವಿದೆ, ಬೆಂಗಳೂರಿನಲ್ಲಿ ಕಲಿಸುತ್ತಾರೆ ಎಂದು ತಿಳಿದಾಗ ಅವಳ ಹೆಸರು ಹೇಳಿದವಳು ನಾನು. ಹಾಸ್ಟೆಲ್ ಖರ್ಚು ಸಮಿತಿಯದು ಎಂದು ಮೈಕಿನಲ್ಲಿ ಕೂಗಿದವನು ನೀನು.

ಹೋದ ಅಕ್ಟೋಬರಿನ ಪರೀಕ್ಷೆಯಲ್ಲಿ ಅವಳು ಎಡವಿದಳು. ನಮ್ಮಲ್ಲಿ ತೂತು ತಪ್ಪಿದರೆ ರಟ್ಟು ಬಿಸಾಡುವಂತಿಲ್ಲ. ತೂತಿನ ಮೇಲೆ ಕಾಗದ ಅಂಟಿಸಿ ಪಕ್ಕದಲ್ಲಿ ಸರಿಯಾಗಿ ಹೊಡೆಯುತ್ತೇವೆ. ಅವಳು ಅಲ್ಲೂ ಹಾಗೆಯೇ ಮಾಡಿದಳು. ಅಂಟಿಸಿದ ಹನ್ನೊಂದು ಕಾರ್ಡು ಯಂತ್ರದ ಗಂಟಲಲ್ಲಿ ಸಿಕ್ಕಿ ಅರ್ಧ ದಿನ ಕೆಲಸ ನಿಂತಿತು. ಆದರೂ ಅವರು ಇನ್ನೊಂದು ಪರೀಕ್ಷೆ ಕೊಟ್ಟರು. ಆದರೆ ಆ ಶುಕ್ರವಾರದೊಳಗೆ ಹಾಸ್ಟೆಲ್ ಬಾಕಿ ಎಂಬತ್ತು ರೂಪಾಯಿ ಕಟ್ಟಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು ಎಂದರು.

ನಿನ್ನ ಅಂಗಡಿಯ ಮಹಡಿಯಲ್ಲಿ ಸಭೆ ಸೇರಿತು. ಬೆಲ್ಲದ ಪುಟ್ಟಮಲ್ಲಪ್ಪ ಎಲೆಗೆ ಸುಣ್ಣ ಸವರುತ್ತಾ, “ಅವ್ರ ಜನುಕ್ಕೆ ಮಿಸನ್ನು ಒಗ್ಗಲ್ಲ ಕಣ್ರಿ. ನಾ ಮೊದ್ಲೇ ಯೋಳ್ಲಿಲ್ವಾ? ಮುಂದ್ಲ ಸಲ ನಮ್ಮ್ ಐಕ್ಳಿಗೇ ಕೊಡವ,” ಅಂದ. “ನಿಮ್ಮ ಆಲೆಮನೆ ಗಾಣ ಮೂರ್ ಸಲ ಮುರೀತಲ್ಲಾ ಮಲ್ಲಪ್ಪಾರೇ, ಅದ್ಯಾವ ಜನ ಮುರುದ್ರು?” ಅಂದೆ. ಎರಡನೇ ಕಾಫಿ ಬಂತು. ನೀನು ನನ್ನನ್ನು ಮೆಟ್ಟಿಲ ಹತ್ತಿರ ಕರೆದು, “ದುಡ್ಡು ಕೊಡೋದ್ ಬ್ಯಾಡ ಅಂತ ಸಮಿತಿ ತೀರ್ಮಾನ ಕಣಕ್ಕ, ನಾನೊಬ್ನೇ ಏನ್ ಮಾಡ್ಲಿ?” ಅಂದೆ. ಏಳು ಜನರ ಆ ಸಮಿತಿಯಲ್ಲಿ ನಾಲ್ವರು ನಿನ್ನ ಬಾಮೈದಂದಿರು.

ಗುರುವಾರ ನಾನೇ ಬೆಂಗಳೂರಿಗೆ ಹೋಗಿ ಹಣ ಕಟ್ಟಿದೆ. “ಇಲ್ಲಿ ತಪ್ಪುದ್ರೆ ಅಂಟುಸ್ಬ್ಯಾಡ ಕಣವ್ವ, ಬಿಸಾಕು,” ಅಂದೆ. ಅವಳು ನನ್ನ ಮುಖ ನೋಡಿ, “ಬಿಸಾಕುದ್ರೆ ಬಯ್ಯಲ್ವಾ ಅಮ್ಮಾ?” ಅಂದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಆ ಪರೀಕ್ಷೆಯಲ್ಲಿ ಮೂವತ್ತು ಜನರಲ್ಲಿ ಅವಳೇ ಮೊದಲು. ಏಪ್ರಿಲ್‌ನಿಂದ ಒಂದು ಆಫೀಸಿನಲ್ಲಿದ್ದಾಳೆ, ತಿಂಗಳಿಗೆ ಇನ್ನೂರ ಹತ್ತು ರೂಪಾಯಿ. ಆರು ತಿಂಗಳು ಕೆಲಸ ನೋಡಿ ಆಮೇಲೆ ಕಾಯಂ ಮಾಡುತ್ತಾರೆ. ಈಗ ಅವರಿಗೆ ಭಾನುವಾರವೂ ಕೆಲಸವಿದೆ. ನಿನ್ನ ಸನ್ಮಾನದ ವಿಷಯ ಬರೆದಿದ್ದಕ್ಕೆ ಅವಳ ಉತ್ತರ ಬಂದಿದೆ: “ಬ್ಯಾಡ ಅಂತ ಯೋಳ್ಬುಡಿ ಅಮ್ಮಾ, ರಜ ತಕಂಡ್ರೆ ಕೆಲ್ಸ ಓಯ್ತದೆ.” ಆದ್ದರಿಂದ ಅವಳು ಬರುವುದಿಲ್ಲ. ಶಾಲು ತಂದಾಗಿದ್ದರೆ ಪುಟ್ಟಮಲ್ಲಪ್ಪನಿಗೆ ಹೊದಿಸು. ಮೊದಲೇ ಹೇಳಿದವನು ಅವನೇ ತಾನೆ.

ಇನ್ನು ಯಾರಿಗೆ ಏನು ಸಿಕ್ಕಿತೆಂದು ನೋಡಿಬಿಡೋಣ. ಪುಟ್ಟಮಲ್ಲಪ್ಪನಿಗೆ ಒಂದು ಊಟ, ಎರಡು ಕಾಫಿ. ಫೋಟೋದವನಿಗೆ ನಲವತ್ತು ರೂಪಾಯಿ. ನಿನಗೆ ಒಂದು ಹಾರ, ಗೋಡೆಗೆ ಒಂದು ಫೋಟೋ. ಅದರಲ್ಲಿ ಹುಡುಗಿಯ ಅರ್ಧ ಮುಖ ನಿನ್ನ ಭುಜದ ಹಿಂದಿದೆ. ಆರೋಗ್ಯಮೇರಿಗೆ ಕೆಲಸ. ನನಗೆ ಏನೂ ಇಲ್ಲ.

ಇಂತು ನಿನ್ನ ಅಕ್ಕ,
ವಸಂತಮ್ಮ

ತಾ.ಕ.: ಆ ಎಂಬತ್ತು ರೂಪಾಯಿ ಅಕ್ಕ ಕೊಟ್ಟ ದಾನವೆಂದು ಎಲ್ಲೂ ಭಾಷಣ ಮಾಡಬೇಡ. ತಪ್ಪಿದರೆ ಅಂಟಿಸು ಎಂದು ಅವಳಿಗೆ ಕಲಿಸಿದವಳು ನಾನು. ಬಿಸಾಡಿದ ಒಂದೊಂದು ರಟ್ಟಿಗೂ ಅವಳ ಕೂಲಿಯಲ್ಲಿ ನಾಲ್ಕಾಣೆ ಹಿಡಿಯುತ್ತಿದ್ದೆ. ಬೆಂಗಳೂರಿಗೆ ಹೊರಡುವ ಮುಂಚೆ ಹಳೆಯ ಲೆಕ್ಕದ ಪುಸ್ತಕ ತೆಗೆದು ಕೂಡಿ ನೋಡಿದೆ: ನಾಲ್ಕು ವರ್ಷಕ್ಕೆ ಎಂಬತ್ತೆರಡು ರೂಪಾಯಿ. ಎರಡು ರೂಪಾಯಿ ಇನ್ನೂ ನನ್ನ ಹತ್ತಿರವೇ ಇದೆ.