ಮೂಲೆ ಕತ್ತರಿಸಿದ ಕಾಗದ

ಸಿರುಗುಪ್ಪ
14-11-2024, ಗುರುವಾರ

ಪ್ರೀತಿಯ ದಾದಾಪೀರಣ್ಣನಿಗೆ,

ನಿಮ್ಮ ತಂಗಿ ಖಾತೂನಳ ಸಲಾಂ. ಮೊಣಕಾಲಿನ ನೋವು ಹೇಗಿದೆ? ಹುಮೇರಾ ಕಾಯಿಸಿ ಕೊಡುವ ಎಣ್ಣೆಯನ್ನು ಮುಟ್ಟದೆಯೇ ಹಚ್ಚಿಕೊಂಡೆ ಅನ್ನುತ್ತೀರಂತೆ. ಹೆತ್ತ ಮಗಳಿಗೇ ಸುಳ್ಳು ಹೇಳುವ ಎಪ್ಪತ್ತಾರು ವರ್ಷದವರನ್ನು ಬೈಯುವುದು ನನ್ನಿಂದಾಗದು, ಬೈದೆನೆಂದೇ ತಿಳಿದುಕೊಳ್ಳಿ. ಇಲ್ಲಿ ಭತ್ತದ ಕೊಯ್ಲು ಶುರುವಾಗಿ, ರೈಸ್‌ಮಿಲ್ಲಿನ ಹೊಟ್ಟೆಲ್ಲ ತೊಳೆದಿಟ್ಟ ಪಾತ್ರೆಗಳ ಮೇಲೆ ಬಂದು ಕೂರುತ್ತಿದೆ. ನನ್ನ ಕೆಮ್ಮು ಹಾಗೇ ಇದೆ. ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಎಂದುಕೊಳ್ಳಬೇಡಿ. ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುವಂತೆ ಮಾತಾಡುವವರು ನೀವು. ಇದು ನೀವೊಬ್ಬರೇ ಓದಬೇಕಾದ ವಿಷಯ.

ಲೆಕ್ಚರರ್ ಅಮರೇಶ್ ಹೋದ ವಾರ ಬಳ್ಳಾರಿಯಿಂದ ಬ್ಯಾನರಿನ ಫೋಟೋ ಕಳಿಸಿದ್ದರು, ನಿಮಗೂ ಬಂದಿರಬೇಕು. ಒಂದು ಬದಿಗೆ ನಮ್ಮ ಅಬ್ಬಾ, ಇನ್ನೊಂದು ಬದಿಗೆ ಯೂಸುಫ್ ಸಾಹೇಬರು. ಕೌಲ್ ಬಜಾರಿನ ಹಾರ್ಮೋನಿಯಂ ಪೇಟಿ ರಿಪೇರಿ ಪೀರಸಾಬರಿಗೂ ಜರ್ಮನಿಯ ಯಹೂದಿ ಪಿಟೀಲುಗಾರರಿಗೂ ಯುದ್ಧಕಾಲದಲ್ಲಿದ್ದ ಸ್ನೇಹದ ನೆನಪಿಗೆ ಇಪ್ಪತ್ನಾಲ್ಕರ ಭಾನುವಾರ ಸಭೆ. ಪೀರಸಾಬರ ಮಗನೆಂದು ನಿಮಗೆ ಶಾಲು, ಹಾರ. ಯೂಸುಫರ ತಂಗಿ ಹಾನ್ನಾಳ ಮೊಮ್ಮಗಳು ರೂತ್ ಇದಕ್ಕೆಂದೇ ದೂರದೇಶದಿಂದ ಬಂದು ಅಮರೇಶರ ಮನೆಯಲ್ಲಿ ಇಳಿದಿದ್ದಾಳೆ. ಆ ಬ್ಯಾನರಿನ ಫೋಟೋದಲ್ಲಿ ಅಬ್ಬಾ ನನ್ನನ್ನೇ ನೋಡುತ್ತಿದ್ದಾರೆ ಅನಿಸಿ ಫೋನನ್ನು ಬೋರಲು ಹಾಕಿಟ್ಟಿದ್ದೇನೆ.

ನಿಮಗೆ ಗೊತ್ತಿರುವ ಕಥೆಯೇ, ಆದರೂ ಬರೆಯುತ್ತೇನೆ. ಬರೆಯುತ್ತಾ ನನಗೇ ಒಂದು ದಾರಿ ಕಂಡೀತು. ಹಿಟ್ಲರನಿಂದ ತಪ್ಪಿಸಿಕೊಂಡು ಬೊಂಬಾಯಿಗೆ ಓಡಿಬಂದ ಜೋಸೆಫರನ್ನು ಇಂಗ್ಲಿಷರು ಜರ್ಮನಿಯವನೆಂದು ಹಿಡಿದು ಬಳ್ಳಾರಿಯ ಕ್ಯಾಂಪಿನಲ್ಲಿ ಕೂಡಿಹಾಕಿದರು. ಅಲ್ಲಿನ ಪೇಟಿ ಕೆಟ್ಟಾಗ ಅಬ್ಬಾನಿಗೆ ಕರೆ ಬಂತು. ಜೋಸೆಫ್ ಎಂಬ ಹೆಸರು ಅಬ್ಬಾನ ಬಾಯಲ್ಲಿ ಯೂಸುಫ್ ಆಯಿತು. ಪೇಟಿಯ ಸ್ವರ ಪಿಟೀಲಿಗೆ ಕೂಡದಿದ್ದರೆ ಅವರು ಕಮಾನು ಕೆಳಗಿಟ್ಟು, ಹರಕು ಮುರುಕು ಕನ್ನಡದಲ್ಲಿ “ಪೀರಾ, ನಿನ್ನ ಪೇಟಿ ಸುಳ್ಳು ಹೇಳತೈತಿ” ಅನ್ನುತ್ತಿದ್ದರಂತೆ. ಅವರು ತಲೆಯಾಡಿಸುವವರೆಗೂ ಅಬ್ಬಾ ಆ ಸ್ವರದ ಹಿತ್ತಾಳೆ ಪಟ್ಟಿಯನ್ನು ಸಣ್ಣ ಅರದಿಂದ ಉಜ್ಜುತ್ತಾ ಕೂರುತ್ತಿದ್ದರು. ಒಬ್ಬರ ಕಿವಿ, ಇನ್ನೊಬ್ಬರ ಕೈ. ಯುದ್ಧ ಮುಗಿದು ಬಿಡುಗಡೆಯಾದಾಗ ಯೂಸುಫರಿಗೆ ಹೋಗಲು ಮನೆಯೇ ಉಳಿದಿರಲಿಲ್ಲ. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತರು.

ಆಮೇಲೆ ಕಾಗದಗಳು ಬರತೊಡಗಿದವು. ಮೊದಲನೆಯದರಲ್ಲಿ ತಂದೆ ಹೋದ ಸುದ್ದಿ, ಎರಡನೆಯದರಲ್ಲಿ ತಾಯಿ, ಮೂರನೆಯದರಲ್ಲಿ ಹೆಂಡತಿ ಮತ್ತು ಮಗು. ಎಲ್ಲರನ್ನೂ ರೈಲಿನಲ್ಲಿ ತುಂಬಿ ಒಯ್ದು ಕೊಂದಿದ್ದರು. ಮೂರನೆಯ ಕಾಗದ ಬಂದ ದಿನ ಯೂಸುಫರು ಪಿಟೀಲಿನ ತಂತಿಗಳನ್ನು ಸಡಿಲಿಸಿಟ್ಟು ಹೋಗಿ ಬಾವಿಕಟ್ಟೆಯ ಮೇಲೆ ನಿಂತಿದ್ದರು. ಅಬ್ಬಾ ಸೊಂಟ ಹಿಡಿದು ಎಳೆದುಕೊಂಡರು. ಅವತ್ತಿನಿಂದ ಅವರ ಬಾಯಲ್ಲಿ ಒಂದೇ ಮಾತು: “ಹಾನ್ನಾ ಅದಾಳ. ಆಕಿ ಕಾಗದ ಬರತೈತಿ.” ಟಪಾಲಿನ ಎರ್ರಣ್ಣ ಬರುವ ಹೊತ್ತಿಗೆ ದಿನಾ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರಂತೆ.

ನಾಲ್ಕನೆಯ ಕಾಗದ ಬಂದಾಗ ಅವರು ಕ್ಷೌರಕ್ಕೆ ಹೋಗಿದ್ದರು. ಎರ್ರಣ್ಣ ಅದನ್ನು ಅಬ್ಬಾನ ಕೈಗೆ ಕೊಟ್ಟ. ಲಕೋಟೆಗೆ ಬಲಗಡೆಯ ಮೇಲಿನ ಮೂಲೆ ಇರಲಿಲ್ಲ. ನಮ್ಮ ಕಡೆ ಮೂಲೆ ಹರಿದ ಕಾಗದವೆಂದರೆ ಏನೆಂದು ಈಗಿನ ಹುಡುಗರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅದು ಸಾವಿನ ಸುದ್ದಿ. ಹೊಸ್ತಿಲ ಹೊರಗೇ ನಿಂತು ಓದಿ, ಅಲ್ಲೇ ಹರಿದು ಹಾಕಿ, ಕಾಲು ತೊಳೆದು ಒಳಗೆ ಬರಬೇಕು. ಬೊಂಬಾಯಿಯ ಟಪಾಲು ಕಚೇರಿಯವರು ಹೇಗೋ ಒಳಗಿನ ಸುದ್ದಿ ತಿಳಿದು ಮೂಲೆ ತೆಗೆದು ಕಳಿಸಿದ್ದಾರೆ, ಹಾನ್ನಾಳೂ ಹೋದಳು ಎಂದುಕೊಂಡರು ಅಬ್ಬಾ. ಇದನ್ನು ಕೊಟ್ಟರೆ ಯೂಸುಫ್ ಮತ್ತೆ ಬಾವಿಗೇ ಹೋಗುತ್ತಾರೆ ಎಂದು ಹೆದರಿ, ಪೇಟಿಗೆ ಗಾಳಿ ಊದುವ ತಿದಿಯ ಅಡಿಗೆ ಸೇರಿಸಿಬಿಟ್ಟರು. ಯೂಸುಫರು ಇನ್ನೂ ಹದಿನಾಲ್ಕು ತಿಂಗಳು ಮೆಟ್ಟಿಲ ಮೇಲೆ ಕೂತರು. ಮರುವರ್ಷ ಮಳೆಗಾಲದಲ್ಲಿ ಅಬ್ಬಾನ ಜೊತೆ ಸಿರುಗುಪ್ಪಕ್ಕೆ ಬಂದವರು ಕೆಂಚನಗುಡ್ಡದ ಹತ್ತಿರ ಹೊಳೆಗೆ ಇಳಿದರು. ಹೊಳೆಯ ಕೆಳಗಿನ ಊರಿನ ಕಡೆ ಹೆಣವಾಗಿ ಸಿಕ್ಕರು. ಕಾಲು ಜಾರಿತು ಎಂದೇ ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದೇವೆ. ತುಂಬಿದ ಹೊಳೆಗೆ ಚಪ್ಪಲಿ ಬಿಟ್ಟು, ಕೋಟು ಮಡಿಚಿಟ್ಟು ಇಳಿದವರಿಗೆ ಕಾಲು ಜಾರುವುದು ಹೇಗೆ ಎಂದು ಯಾರೂ ಕೇಳಲಿಲ್ಲ.

ಅಬ್ಬಾ ಕೊನೆಗಾಲದಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. “ಬೇಟಿ, ತಿದಿ ಕೆಳಗ ಒಂದು ಸಾವಿನ ಕಾಗದ ಐತಿ. ಕೊಡಾಕ ಧೈರ್ಯ ಆಗಲಿಲ್ಲ, ಹರಿಯಾಕ ಕೈ ಬರಲಿಲ್ಲ. ನೀ ಒಡೀಬ್ಯಾಡ.” ಆಗ ನೀವೂ ಮಂಚದ ಹತ್ತಿರವೇ ಇದ್ದಿರಿ. ನಾನು ಒಡೆಯಲಿಲ್ಲ, ಆ ಪೇಟಿಯನ್ನು ನುಡಿಸಲು ಯಾರಿಗೂ ಬಿಡಲೂ ಇಲ್ಲ.

ಈಗ ನೋಡಿದರೆ ಹಾನ್ನಾ ಸತ್ತಿರಲೇ ಇಲ್ಲ! ಅಮರೇಶರಿಗೆ ರೂತ್ ಹೇಳಿದ ಪ್ರಕಾರ, ನಲವತ್ತಾರನೆಯ ಇಸವಿಯಲ್ಲಿ ನಮ್ಮ ಅಂಗಡಿಯ ವಿಳಾಸಕ್ಕೆ ಬರೆದಿದ್ದಳಂತೆ, ತೊಂಬತ್ತನೆಯ ಇಸವಿಯವರೆಗೆ ಬದುಕಿದ್ದಳಂತೆ. ಅಣ್ಣ ಬಳ್ಳಾರಿಯಲ್ಲಿ ಕ್ಷೇಮವಾಗಿದ್ದಾನೆ ಎಂದು ಯಾರೋ ಅವಳಿಗೆ ತಿಳಿಸಿದ್ದರು. ಉತ್ತರ ಮಾತ್ರ ಬರಲಿಲ್ಲ. “ನನ್ನ ಅಣ್ಣ ನನ್ನನ್ನು ಕ್ಷಮಿಸಲಿಲ್ಲ” ಎನ್ನುತ್ತಲೇ ಕಣ್ಣು ಮುಚ್ಚಿದಳಂತೆ. ಏನು ತಪ್ಪಿಗೆ ಎಂದು ಮೊಮ್ಮಗಳಿಗೂ ಹೇಳಲಿಲ್ಲ. ಆ ಕಾಗದ ತಲುಪಿತ್ತೇ ಎಂದು ರೂತ್ ಅಮರೇಶರ ಮೂಲಕ ಕೇಳಿದಾಗ, ಯಾವ ಕಾಗದವೂ ಬಂದಿರಲಿಲ್ಲ ಎಂದು ಹೇಳಿ ಕಳಿಸಿದವರು ನೀವು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಅಣ್ಣಾ? ನಿಮ್ಮ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿದೆ.

ಸೋಮವಾರ ಲಕೋಟೆಯನ್ನು ಹೊರಗೆ ತೆಗೆದು ಬಿಸಿಲಿನಲ್ಲಿ ಹಿಡಿದು ನೋಡಿದೆ. ಮೂಲೆ ಕೈಯಿಂದ ಹರಿದದ್ದಲ್ಲ, ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ್ದು. ಸ್ಟಾಂಪು ಇರುವ ಮೂಲೆ. ಪರದೇಶದ ಸ್ಟಾಂಪಿನ ಆಸೆಗೆ ದಾರಿಯಲ್ಲಿ ಯಾರೋ ಕತ್ತರಿಸಿಕೊಂಡಿದ್ದಾರೆ, ಅಷ್ಟೇ. ಅಂಟು ಬಿಚ್ಚದ ಆ ಲಕೋಟೆಯನ್ನು ತೋರಿಸಿದರೆ ಯೂಸುಫರು ಅದನ್ನು ಓದೇ ಇರಲಿಲ್ಲ ಎಂಬುದು ಗೊತ್ತಾಗಿ ಅವರ ಹೆಸರು ಉಳಿಯುತ್ತದೆ, ಅಬ್ಬಾನ ಹೆಸರು ಹೋಗುತ್ತದೆ. ಮುಚ್ಚಿಟ್ಟರೆ ಬ್ಯಾನರಿನಲ್ಲಿ ಅಬ್ಬಾ ಚೆನ್ನಾಗಿರುತ್ತಾರೆ, ತಂಗಿಯನ್ನು ಕ್ಷಮಿಸದ ಕಲ್ಲೆದೆಯವರಾಗಿ ಯೂಸುಫರು ಉಳಿಯುತ್ತಾರೆ. ಸ್ನೇಹಿತ ಎಂದು ಅಬ್ಬಾ ಕರೆದದ್ದು ಅವರೊಬ್ಬರನ್ನೇ. ಕೊಡಬೇಕೋ ಸುಡಬೇಕೋ ನೀವು ಹಿರಿಯರು ಹೇಳಿ. ಸಭೆಗೆ ಮುಂಚೆ ಒಮ್ಮೆ ಬಸ್ಸು ಹತ್ತಿ ಬಂದುಬಿಡಿ. ನನಗೆ ಭಯವಾಗುತ್ತಿದೆ.

ಹುಮೇರಾಳಿಗೆ, ಮಕ್ಕಳಿಗೆ ನನ್ನ ದುವಾ. ಅಲ್ಲಾಹನು ನಿಮ್ಮ ನೆರಳನ್ನು ನಮ್ಮ ಮೇಲೆ ಇನ್ನಷ್ಟು ವರ್ಷ ಇಟ್ಟಿರಲಿ.

ನಿಮ್ಮ ತಂಗಿ,
ಖಾತೂನ್

ತಾ.ಕ.: ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಕೆಂಚನಗುಡ್ಡದ ಹೊಳೆ ನೋಡಲು ಹೊರಟಿದ್ದ ರೂತ್, ಅಮರೇಶರ ಜೊತೆ ಹೇಳದೆ ಕೇಳದೆ ಮನೆಗೆ ಬಂದುಬಿಟ್ಟಳು. ಚಹಾ ಕೂಡ ಮುಟ್ಟದೆ, ನಮ್ಮಜ್ಜಿ ಏನು ತಪ್ಪು ಮಾಡಿದ್ದಳು ಎಂದು ನನ್ನನ್ನು ಕೇಳಿದಳು. ನನಗೆ ಸುಳ್ಳು ಬಾಯಿಗೆ ಬರಲಿಲ್ಲ. ಲಕೋಟೆ ತಂದು ಕೊಟ್ಟೆ, ಅಬ್ಬಾ ಮಾಡಿದ್ದನ್ನೂ ನೀವು ಹೇಳಿದ್ದು ಸುಳ್ಳೆಂಬುದನ್ನೂ ಹೇಳಿದೆ. ಅವಳು ಒಡೆದು ಓದಿದಳು, ಅಮರೇಶರು ಕನ್ನಡದಲ್ಲಿ ಹೇಳಿದರು. ಇದ್ದದ್ದು ಇಷ್ಟೇ: “ನಾನೊಬ್ಬಳು ಉಳಿದಿದ್ದೇನೆ. ರೈಲಿನ ಹತ್ತಿರ ಅಮ್ಮನ ಕೈ ಬಿಡಿಸಿಕೊಂಡು ಓಡಿದೆ, ಅದಕ್ಕೇ ಉಳಿದೆ. ಕ್ಷಮಿಸಿದ್ದರೆ ಬರೆ ಅಣ್ಣಾ, ಇಲ್ಲವಾದರೆ ಬರೆಯಬೇಡ.” ಸಭೆಯ ದಿನ ನಿಮಗೆ ಶಾಲು ಹೊದಿಸುವ ಮುಂಚೆ ಅವಳು ಇದನ್ನು ಎಲ್ಲರೆದುರು ಓದುತ್ತಾಳಂತೆ. ನನ್ನ ಒಪ್ಪಿಗೆ ಕೇಳಿದಳು. ಓದು ಎಂದೆ.