ಬಿಳಿಚಿದ ಕುದುರೆಪಡೆ

ಜೂನ್ 2, ಬೆಳಿಗ್ಗೆ 6.20

ಎಂಟು ಪುಟಾಣಿ ಆಳುಗಳಿಗೆ ನಿನ್ನೆ ಬಳಿದ ಕಂದು ಒಣಗಿದೆ. ಈಟಿ ತುದಿಗೆ ಬೆಳ್ಳಿ ಬಣ್ಣ ಬಾಕಿ. ಮೂಗಿಗೊಂದು ಚುಕ್ಕೆ, ಕೆನ್ನೆಗೊಂದು ಚುಕ್ಕೆ. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಮನುಷ್ಯನಿಗೆ ಅಷ್ಟು ಸಾಕು, ಜೀವ ಬಂದುಬಿಡುತ್ತದೆ.

ಏಳೂವರೆಗೆ ಹಲ್ಲಿನ ಲ್ಯಾಬ್‌ಗೆ ಹೊರಡಬೇಕು. ಅಲ್ಲಿ ಒಂಬತ್ತು ಬಿಡಿ ಹಲ್ಲು, ಎರಡು ಪೂರ್ತಿ ಸೆಟ್ಟು ಕಾಯುತ್ತಿವೆ. ಹೊಟ್ಟೆಪಾಡಿಗೆ ಕಟ್ಟುವ ಹಲ್ಲು, ಹುಚ್ಚಿಗೆ ಬಣ್ಣ ಹಚ್ಚುವ ಸೈನ್ಯ. ಇವಳು ಕಾಫಿ ಇಟ್ಟು ಹೇಳಿದಳು, "ಮನೇಲೂ ಲ್ಯಾಬಲ್ಲೂ ನಿಮಗೆ ಎದುರು ಮಾತಾಡದೋರೇ ಬೇಕು." ಸುಳ್ಳಲ್ಲ.

ಜೂನ್ 8, ಭಾನುವಾರ

ಅಣ್ಣನ ಮನೆಗೆ ಹೋಗಿದ್ದೆ. ಕುದುರೆಪಡೆ ಮುಗಿಸಿದ್ದಾನೆ! ನಲವತ್ತು ಸವಾರರು, ಒಂಬತ್ತು ತಿಂಗಳು. ಒಬ್ಬನ ಗುರಾಣಿಯ ಹಾಗೆ ಇನ್ನೊಬ್ಬನದಿಲ್ಲ. ಕೆಂಪಿನ ಮೇಲೆ ಮೂರು ಬಿಳಿ ಹಕ್ಕಿ, ನೀಲಿಯ ಮೇಲೆ ಹಳದಿ ಚಕ್ರ, ಹಸಿರು–ಕಪ್ಪು ಚೌಕ. ಮೂವತ್ತು ವರ್ಷ ನಕ್ಷೆ ಕಚೇರಿಯಲ್ಲಿ ಕೂದಲೆಳೆಯ ಗೆರೆ ಎಳೆದ ಕೈ ಅದು. ಎಂಟುನೂರು ವರ್ಷದ ಹಿಂದಿನ ಯುದ್ಧವನ್ನು ಪ್ಲೈವುಡ್ ಮೇಜಿನ ಮೇಲೆ ಆಡುವುದಕ್ಕೆ ಇಷ್ಟೆಲ್ಲ ಬೇಕಾ ಅಂತ ಕೇಳುವವರಿಗೆ ನಮ್ಮಿಬ್ಬರ ಹತ್ತಿರ ಉತ್ತರವಿಲ್ಲ. ಹನ್ನೆರಡು ವರ್ಷದಿಂದ ಇಲ್ಲ. ಅವನದು ಸರದಾರರು, ನನ್ನದು ಈಟಿ ಹಿಡಿದ ಕಾಲಾಳು. ಗೊಂಬೆ ಅಂದರೆ ಅಣ್ಣ ಉರಿದುಬೀಳುತ್ತಾನೆ. ಆಳು ಅನ್ನಬೇಕು.

"ಇದೇ ಕೊನೇದು ಕಣೋ" ಅಂದ. ನಾನು ಬೇರೆ ಮಾತು ತೆಗೆದೆ.

ಅವನಿಗೆ ಕಣ್ಣಿನ ಒತ್ತಡದ ಕಾಯಿಲೆ. ನೋಟವನ್ನು ಅಂಚಿನಿಂದ ತಿಂದುಕೊಂಡು ಬರುತ್ತಿದೆ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಡ್ರಾಪ್ಸ್ ಕಾಯುತ್ತದೆ, ಒಂದು ಹೊತ್ತೂ ತಪ್ಪಿಸಬೇಡಿ ಅಂತ ಕಣ್ಣಿನ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಮಂಜು ಕವಿದಂತೆ ಬೆಳ್ಳಗೆ ಕಂಡರೆ ತಕ್ಷಣ ಬನ್ನಿ ಅಂತಲೂ. ಅಣ್ಣ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಅಲಾರಂ ಇಟ್ಟು ಹಾಕಿಕೊಳ್ಳುತ್ತಾನೆ. ಅತ್ತಿಗೆ ಹಾಕಲು ಹೋದರೆ ಬಿಡುವುದಿಲ್ಲ. ಬಾತ್‌ರೂಮಿನ ಕನ್ನಡಿ ಮುಂದೆ ತಾನೇ.

ವಾರ್ನಿಶ್ ನನ್ನ ಪಾಲಿಗೆ. ಸ್ಪ್ರೇ ವಾಸನೆಗೆ ಅವನ ಕಣ್ಣು ಉರಿಯುತ್ತದೆ. ವಾರ್ನಿಶ್ ಇಲ್ಲದ ಆಳನ್ನು ನಾವು ಮೇಜಿಗೆ ಇಳಿಸುವುದಿಲ್ಲ, ಕೈ ತಗುಲಿ ಬಣ್ಣ ಸವೆಯುತ್ತದೆ. ಸವಾರರ ಡಬ್ಬ ಕೊಡುವಾಗ ಎಂದಿನ ಪಾಠ: "ಆಕಾಶ ನೋಡಿ ಹೊಡಿ. ಗಾಳೀಲಿ ತೇವ ಇದ್ರೆ ಮುಟ್ಟಬೇಡ." ಐದು ವರ್ಷದ ಹಿಂದೆ ಮೋಡದ ದಿನ ಹೊಡೆದು ನನ್ನ ಇಪ್ಪತ್ತು ಈಟಿಯವರು ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗಿದ್ದರು. ಹಿಟ್ಟಿನ ಗಿರಣಿ ಸೈನ್ಯ ಅಂತ ಒಂದು ವರ್ಷ ಆಡಿಕೊಂಡ.

ಯುದ್ಧ ಮುಂದಿನ ಭಾನುವಾರ.

ಜೂನ್ 12

ಮಳೆ. ಕಿಟಕಿ ಗಾಜೆಲ್ಲ ಬೆವರಿದೆ. ಕಾಯುತ್ತೇನೆ.

ಜೂನ್ 13

ಮಳೆ. ಅಣ್ಣ ಎರಡು ಸಲ ಫೋನ್ ಮಾಡಿದ. ಹೊಡೆದೆಯಾ? ಇಲ್ಲ. ಸರಿ, ಅವಸರ ಬೇಡ. ಹೀಗಂದವನು ಹತ್ತು ನಿಮಿಷ ಬಿಟ್ಟು ಮತ್ತೆ — ನಾಳೆ ಬಿಸಿಲು ಬರಬಹುದಲ್ವಾ?

ಜೂನ್ 14, ಬೆಳಿಗ್ಗೆ 11

ಒಂಬತ್ತಕ್ಕೆ ಮಳೆ ನಿಂತಿತು. ಒಂದು ಚೂರು ಬಿಸಿಲೂ ಬಂತು. ಬಾಲ್ಕನಿಯಲ್ಲಿ ಹಲಗೆ ಮೇಲೆ ನಲವತ್ತನ್ನೂ ನಿಲ್ಲಿಸಿದೆ. ಮೊದಲು ಒಂದಕ್ಕೆ ಹೊಡೆದು ನೋಡಬೇಕಿತ್ತು. ಅದು ಗೊತ್ತಿದ್ದೂ, ಒಟ್ಟಿಗೆ ಎಲ್ಲಕ್ಕೂ ಹೊಡೆದೆ.

ಕೈ ತೊಳೆದು ಬಂದು ನೋಡಿದರೆ ಬೆಳ್ಳಗೆ! ಹಕ್ಕಿ ಇಲ್ಲ, ಚಕ್ರ ಇಲ್ಲ. ನಲವತ್ತೂ ಬೂದಿಯಲ್ಲಿ ಹೊರಳಿ ಎದ್ದ ಹಾಗೆ ನಿಂತಿವೆ.

ಒಂಬತ್ತು ತಿಂಗಳು. ಇನ್ನೊಮ್ಮೆ ಬರೆಯುವ ಕಣ್ಣು ಅವನಿಗಿಲ್ಲ.

ಅದೇ ದಿನ, ಸಂಜೆ

ಇವಳು ಹೇಳಿದಳು, ಫೋನ್ ಮಾಡಿ ಈಗಲೇ ಹೇಳಿಬಿಡಿ, ಬೈದರೆ ಬೈಯಲಿ. ಫೋನ್ ಎತ್ತಿದೆ. ಅವನೇ ಶುರು ಮಾಡಿದ. ಮೇಜು ಹಾಕಿಯಾಯಿತು, ಗುಡ್ಡ ಇಟ್ಟಾಯಿತು, ಬೇಲಿ ಇಟ್ಟಾಯಿತು, ನಾಳೆ ಬೇಗ ಬಾ ಅಂತ. ಅವನ ದನಿ ಇಷ್ಟು ಹುರುಪಾಗಿ ಕೇಳಿ ಎಷ್ಟು ದಿನವಾಗಿತ್ತು… ನಾಳೆ ಎದುರಿಗೇ ಹೇಳುವುದು. ಡಬ್ಬ ತೆಗೆಯುವ ಮೊದಲೇ.

ಜೂನ್ 15, ಮಧ್ಯಾಹ್ನ 3

ಹೇಳಲಿಲ್ಲ.

ಬಾಗಿಲಲ್ಲೇ ಡಬ್ಬ ಕಸಿದುಕೊಂಡ. ಹೊಸ ವಾರ್ನಿಶ್‌ಗೆ ಬೆರಳು ತಾಗದ ಹಾಗೆ, ಕಾಲಡಿಯ ಪೀಠ ಹಿಡಿದು ಒಂದೊಂದನ್ನೂ ತಾನೇ ಸಾಲಾಗಿ ಇಟ್ಟ. ಆಮೇಲೆ ನಮ್ಮ ಪದ್ಧತಿ. ಹೊಸ ಪಡೆ ಮೇಜಿಗೆ ಇಳಿದ ದಿನ ಇಬ್ಬರೂ ಮಂಡಿಯೂರಿ, ಮೇಜಿನ ಅಂಚಿಗೆ ಗಲ್ಲ ಇಟ್ಟು, ಆಳುಗಳ ಕಣ್ಣಿನ ಮಟ್ಟದಿಂದ ನೋಡುವುದು. ಅವನು ಗಲ್ಲ ಇಟ್ಟ. ನಾನೂ ಇಟ್ಟೆ. ಇಷ್ಟು ಹೊತ್ತು ಯಾವತ್ತೂ ನೋಡಿದ್ದಿಲ್ಲ.

"ವಾರ್ನಿಶ್ ಸರಿ ಬಂತಾ?"

"ಚೆನ್ನಾಗಿ ಬಂದಿದೆ ಅಣ್ಣಾ."

ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ನನ್ನ ಈಟಿಯವರನ್ನು ನೋಡಿದ. ಅವರು ಹುಟ್ಟಿದ್ದೇ ಬೂದು–ಕಂದು, ಹೋಲಿಸಲು ಬಣ್ಣವೇ ಇಲ್ಲ.

"ಬೆಳ್ಳಗಾಗಿಲ್ಲ ತಾನೇ?"

ಎರಡನೇ ಸಲ ಕೇಳಿದ. ಎರಡನೇ ಅವಕಾಶ ಕೊಟ್ಟ ಹಾಗೆ. ಇಲ್ಲ ಅಂದೆ.

"ಹಾಗಾದ್ರೆ ನನ್ನ ಕಣ್ಣು" ಅಂದ. ಮೆಲ್ಲಗೆ. ಅತ್ತಿಗೆ ಒಳಗೆ ಪಾತ್ರೆ ತೊಳೆಯುತ್ತಿದ್ದರು. "ಅವಳಿಗೆ ಹೇಳ್ಬೇಡ."

ಆಡಲಿಲ್ಲ. ಡಬ್ಬಕ್ಕೆ ತುಂಬಿ ಕೊಟ್ಟ, ನಿನ್ನ ಹತ್ತಿರವೇ ಇರಲಿ ಅಂದ. ಡಾಕ್ಟರ ಹತ್ತಿರ ಹೋಗೋಣ ನಡಿ ಅಂದೆ. ಅವರು ಕಣ್ಣು ನೋಡಿ ಏನೂ ಆಗಿಲ್ಲ ಅಂದರೆ ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋಗುತ್ತದೆ ಅಂತ ಲೆಕ್ಕ. ಹೋಗಿ ಏನು ಕೇಳಿಸಿಕೊಳ್ಳಲಿ ಅಂದ.

ಹೇಡಿ ನಾನು. ಇಲ್ಲಾದರೂ ಬರೆದಿಡುತ್ತೇನೆ.

ಜೂನ್ 29

ದಾರಿ ಸಿಕ್ಕಿತು. ಬೆಳ್ಳಗಾದ ವಾರ್ನಿಶ್‌ಗೆ ಆಲಿವ್ ಎಣ್ಣೆ ತೀಡಿದರೆ ಬಣ್ಣ ಮತ್ತೆ ಕಾಣುತ್ತದಂತೆ. ಹತ್ತಿ ಕಡ್ಡಿ ಹಿಡಿದು ಕೂತೆ. ಒಂದು ಆಳಿಗೆ ಮುಕ್ಕಾಲು ಗಂಟೆ. ಕೆಂಪು ಬಂತು, ಮೂರು ಹಕ್ಕಿಯೂ ಬಂದವು! ಕಣ್ಣಲ್ಲಿ ನೀರು ಬಂತು ನನಗೆ.

ಉಪಾಯ ಹೀಗೆ: ನಲವತ್ತನ್ನೂ ಸರಿ ಮಾಡಿ, ಒಳ್ಳೆ ಬಿಸಿಲಲ್ಲಿ ಮತ್ತೆ ವಾರ್ನಿಶ್ ಹೊಡೆದು ಒಯ್ಯುವುದು. ಅಣ್ಣನಿಗೆ ಬಣ್ಣ ಕಾಣುತ್ತದೆ. ಕಣ್ಣು ಸುಧಾರಿಸಿತು ಅಂದುಕೊಳ್ಳುತ್ತಾನೆ. ನನ್ನ ಸುಳ್ಳು ಯಾರಿಗೂ ತಿಳಿಯದೆ ಮುಚ್ಚಿಹೋಗುತ್ತದೆ. ಇವಳಿಗೆ ಹೇಳಿದೆ. ನನ್ನ ಮುಖವನ್ನೇ ನೋಡಿ ಎದ್ದು ಹೋದಳು.

ಜುಲೈ 20

ಇಪ್ಪತ್ತಮೂರು ಆದವು. ಲ್ಯಾಬ್‌ನಲ್ಲಿ ಕೆಲಸ ಜಾಸ್ತಿ, ಬೆಳಗಿನ ಹೊತ್ತು ಒಂದೇ ಸಿಗುವುದು. ಅಣ್ಣ ಫೋನಿನಲ್ಲಿ ಚೆನ್ನಾಗಿದ್ದೇನೆ ಅನ್ನುತ್ತಾನೆ. ಬ್ರಷ್‌ಗಳನ್ನೆಲ್ಲ ಕಟ್ಟಿ ಕಳಿಸಿದ್ದಾನೆ. ಒಳ್ಳೆಯದು ಎರಡಿವೆ, ಹಾಳು ಮಾಡಬೇಡ ಅಂತ ಚೀಟಿ. ಅಕ್ಷರ ಗೆರೆ ಬಿಟ್ಟು ಕೆಳಗಿಳಿದಿದೆ.

ಆಗಸ್ಟ್ 24

ಮೂವತ್ತೊಂಬತ್ತು ಮುಗಿದವು. ಇನ್ನು ಒಂದೇ — ನೀಲಿಯ ಮೇಲೆ ಹಳದಿ ಚಕ್ರದವನು.

ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. ಬಾತ್‌ರೂಮಿನ ಕಪಾಟು ಒರೆಸುವಾಗ ಡ್ರಾಪ್ಸ್ ಬಾಟಲಿ ಸಿಕ್ಕಿತಂತೆ. ಬಾಟಲಿ ತೆರೆದ ದಿನ ಬರೆದಿಡುವುದು ಅಣ್ಣನ ಅಭ್ಯಾಸ. ಜೂನ್ ಹತ್ತು ಅಂತಿದೆ. ತಿಂಗಳಿಗೆ ಖಾಲಿಯಾಗಬೇಕಾದ್ದು ಮುಕ್ಕಾಲು ತುಂಬಿದೆ. ಕೇಳಿದರೆ, "ಹೋಗೋ ಕಣ್ಣಿಗೆ ಯಾಕೆ?" ಅಂದನಂತೆ. ಡ್ರಾಪ್ಸ್ ಹಾಕಿಸಿಕೊಳ್ಳಲೂ ಒಲ್ಲ, ಆಸ್ಪತ್ರೆಗೂ ಒಲ್ಲನಂತೆ. ಇಷ್ಟು ದಿನವೂ ಅಲಾರಂ ಹೊಡೆಯುತ್ತಲೇ ಇತ್ತು. ಎರಡು ಹೊತ್ತೂ ಎದ್ದು ಹೋಗುತ್ತಿದ್ದ, ಬಾಗಿಲು ಹಾಕಿಕೊಂಡು ನಿಂತು ಬರುತ್ತಿದ್ದ, ಅಷ್ಟೆ.

"ಇಷ್ಟು ದಿನ ನನ್ನ ಕಣ್ಣೆದುರೇ ನಡೀತು, ನಂಗೆ ಗೊತ್ತಾಗ್ಲಿಲ್ಲ" ಅಂತ ಅತ್ತಿಗೆ ಅತ್ತರು. ಅತ್ತಿಗೆ ಅತ್ತದ್ದು ಕೇಳಿದ್ದು ಇದೇ ಮೊದಲು.

ಫೋನ್ ಇಟ್ಟು ಎಣ್ಣೆ ಬಾಟಲಿಯ ಮುಚ್ಚಳ ಹಾಕಿದೆ. ನಾನೇ ಮಾಡಿದ್ದು. ಇನ್ನಾರೂ ಅಲ್ಲ, ನಾನೇ.

ಆಗಸ್ಟ್ 31, ಬೆಳಿಗ್ಗೆ

ಆ ಒಬ್ಬನಿಗೆ ಎಣ್ಣೆ ಹಚ್ಚಿಲ್ಲ. ಸಾಕ್ಷಿಗೆ ಇಟ್ಟುಕೊಂಡಿದ್ದೇನೆ. ಇವತ್ತು ಹೇಳುತ್ತೇನೆ. ವಾರವೆಲ್ಲ ಇವತ್ತು ಇವತ್ತು ಅಂದುಕೊಂಡೇ ಕಳೆಯಿತು.

ಆಗಸ್ಟ್ 31, ಸಂಜೆ 5

ಹೇಳಿದೆ.

ಅತ್ತಿಗೆ ಅಂಗಡಿಗೆ ಹೋಗಿದ್ದರು. ಅಣ್ಣ ಖಾಲಿ ಮೇಜಿನ ಪಕ್ಕ ರೇಡಿಯೋ ಹಾಕಿಕೊಂಡು ಕೂತಿದ್ದ. ತೇವದಲ್ಲಿ ವಾರ್ನಿಶ್ ಹೊಡೆದೆ, ಬೆಳ್ಳಗಾಯಿತು, ನೀನು ಕೇಳಿದಾಗ ಸುಳ್ಳು ಹೇಳಿದೆ, ನಿನ್ನ ಕಣ್ಣು ಆವತ್ತು ಸರಿಯಾಗೇ ಕಂಡಿತ್ತು — ಒಂದೇ ಉಸಿರಲ್ಲಿ ಹೇಳಿ ಮುಗಿಸಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ನಕ್ಕ.

"ಸಮಾಧಾನ ಮಾಡೋಕೆ ಬಂದ್ಯಾ? ನಿಮ್ಮತ್ತಿಗೆ ಕಳಿಸಿದ್ಲಾ?"

ನಂಬಲಿಲ್ಲ! ಸುಳ್ಳು ಹೇಳಿದಾಗ ನಂಬಿದವನು, ನಿಜ ಹೇಳಿದರೆ ನಂಬುವುದಿಲ್ಲ. ಎರಡು ಆಳು ತೆಗೆದು ಮೇಜಿನ ಮೇಲಿಟ್ಟೆ. ಎಣ್ಣೆ ತೀಡಿ ಸರಿ ಮಾಡಿದ ಮೂರು ಹಕ್ಕಿಯವನು, ಬೆಳ್ಳಗೇ ಉಳಿದ ಚಕ್ರದವನು. ನೋಡು ಅಂದೆ. ದೀಪ ಹತ್ತಿರ ತಂದೆ. ಮಂಡಿಯೂರಿದ, ಗಲ್ಲ ಇಟ್ಟ. ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿ, ಎಲ್ಲೋ ಉಳಿದ ಕಿಂಡಿಯಿಂದ ನೋಡುವವನ ಹಾಗೆ ನೋಡಿದ.

"ಎರಡೂ ಒಂದೇ ಥರ ಇದೆಯಲ್ಲೋ. ಎರಡೂ ಬೆಳ್ಳಗೆ."

ಈಗ ನಿಜವಾಗಿಯೂ ಹಾಗೇ ಕಾಣುತ್ತಿದೆ ಅವನಿಗೆ. ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ, ಅದನ್ನು ನೋಡುವ ಕಣ್ಣನ್ನು ನಾನೇ ತೆಗೆದಿದ್ದೆ. ದೀಪ ಪಕ್ಕಕ್ಕೆ ಸರಿಸಿದೆ. ಅವನು ಆಳುಗಳನ್ನು ವಾಪಸ್ ಕೊಡಲು ಎತ್ತಿಕೊಂಡ. ಹೆಬ್ಬೆರಳು ಚಕ್ರದ ಗುರಾಣಿ ಮೇಲೆ ಓಡಿತು, ನಿಂತಿತು. ಇನ್ನೊಂದರ ಮೇಲೆ ಓಡಿತು. ಮತ್ತೆ ಮೊದಲಿನದು.

"ಇದು ತರಿತರಿ" ಅಂದ.

ಹನ್ನೆರಡು ವರ್ಷ ಆಳು ಹಿಡಿದ ಬೆರಳು. ಬೆಳ್ಳಗಾದ ವಾರ್ನಿಶ್ ಸಣ್ಣ ಪುಡಿ ಅಂಟಿದ ಹಾಗೆ ಕೈಗೆ ಸಿಗುತ್ತದೆ, ಅವನಿಗೆ ಹೇಳಿಕೊಡಬೇಕಾಗಿಲ್ಲ. ಎರಡನ್ನೂ ಮೇಜಿನ ಮೇಲಿಟ್ಟ. ರೇಡಿಯೋ ಆರಿಸಿದ.

"ಯಾವತ್ತು ಹೊಡ್ದೆ?"

"ಜೂನ್ ಹದಿನಾಲ್ಕು."

ಬೆರಳು ಮಡಿಸಿ ಎಣಿಸಿದ. ಜೂನ್, ಜುಲೈ, ಆಗಸ್ಟ್. ಅಷ್ಟೂ ಹೊತ್ತು ನನ್ನ ಕಡೆ ತಿರುಗಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

"ಹದಿನೇಳಕ್ಕೆ ಬಿಟ್ಟೆ ಡ್ರಾಪ್ಸ್" ಅಂದ. "ಎರಡೂವರೆ ತಿಂಗಳು."

ಸೆಪ್ಟೆಂಬರ್ 2

ಆಸ್ಪತ್ರೆಗೆ ಮೂವರೂ ಹೋದೆವು. ಒತ್ತಡ ಅಳೆದರು, ಕಪ್ಪು ಪೆಟ್ಟಿಗೆಯೊಳಗೆ ಮುಖ ಇಡಿಸಿ ಚುಕ್ಕೆ ಬೆಳಕು ಎಣಿಸಿದರು. ಎಡಗಣ್ಣು ಬಹುತೇಕ ಮುಗಿದಿದೆ. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಉಳಿದಿದೆ, ಒತ್ತಡ ಇಳಿಸಿ ಅದನ್ನು ಉಳಿಸಬಹುದೇನೋ ನೋಡೋಣ ಅಂದರು. ಹಳೆ ಕಾಗದ ತಿರುವಿ ಹಾಕಿ ಕೇಳಿದರು: ಮೇ ತನಕ ಚೆನ್ನಾಗಿ ತಡೆದಿತ್ತಲ್ಲ, ಡ್ರಾಪ್ಸ್ ಯಾಕೆ ಬಿಟ್ಟಿರಿ?

ಬಾಯಿ ತೆರೆದೆ. ಅಣ್ಣನ ಕೈ ನನ್ನ ಮೊಣಕೈ ಹುಡುಕಿ ಹಿಡಿಯಿತು.

"ಮರೆವು ಡಾಕ್ಟ್ರೇ" ಅಂದ. "ವಯಸ್ಸಾಯ್ತು."

ದಾರಿಯುದ್ದಕ್ಕೂ ಅತ್ತಿಗೆ ಅವನನ್ನು ಬೈದರು. ಅವನು ಹೂಂ ಹೂಂ ಅಂತ ಕೇಳಿಸಿಕೊಂಡ. ನಾನು ಹಿಂದಿನ ಸೀಟಿನಲ್ಲಿದ್ದೆ.

ಸೆಪ್ಟೆಂಬರ್ 7, ಭಾನುವಾರ

ಅಣ್ಣನೇ ಕರೆದ, ಪಡೆ ತಗೊಂಡು ಬಾ ಅಂತ. ಹೋದೆ. ಸವಾರರನ್ನು ಅವರವರ ನಿಲುವು ತಡವಿ, ಬೆರಳಲ್ಲೇ ಗುರುತು ಹಿಡಿದು ಸಾಲಿಗಿಟ್ಟ. ಒಂದೂ ತಪ್ಪಲಿಲ್ಲ. ಗಲ್ಲ ಇಟ್ಟ.

"ಮಂಜಿನ ನಿಯಮ ಹಾಕ್ಕೋ" ಅಂದ. ನಮ್ಮ ಆಟದಲ್ಲಿ ಮಂಜಿದ್ದರೆ ಬಾಣ ಅರ್ಧ ದೂರ ಮಾತ್ರ ಹೋಗುತ್ತದೆ. "ಇನ್ಮೇಲೆ ಯಾವಾಗ್ಲೂ ಅದೇ."

ಆಡಿದೆವು. ಅವನೇ ಗೆದ್ದ. ನಾನು ಬಿಟ್ಟುಕೊಟ್ಟಿದ್ದಲ್ಲ. ಹೊರಡುವಾಗ ಕೇಳಿದೆ, ಅತ್ತಿಗೆಗೆ ಯಾಕೆ ಹೇಳಲಿಲ್ಲ? ಸವಾರರನ್ನು ಡಬ್ಬಕ್ಕೆ ತುಂಬಿ ನನ್ನ ಕೈಗಿಟ್ಟ.

"ಅದು ನೀನು ಹೇಳ್ಬೇಕಾದ್ದು ಕಣೋ."

ಸೆಪ್ಟೆಂಬರ್ 9, ಬೆಳಿಗ್ಗೆ 6.30

ಚಕ್ರದವನನ್ನು ಎದುರಿಗೆ ಇಟ್ಟುಕೊಂಡಿದ್ದೇನೆ. ಎಣ್ಣೆ ಹಚ್ಚಲು ಕೈ ಬರುತ್ತಿಲ್ಲ. ಅತ್ತಿಗೆ ಈಗ ಎರಡು ಹೊತ್ತೂ ತಾವೇ ನಿಂತು ಡ್ರಾಪ್ಸ್ ಹಾಕುತ್ತಾರೆ. ನಿನ್ನೆ ಇವಳಿಗೆ ಹೇಳಿದರಂತೆ, ತಾವು ಸ್ವಲ್ಪ ಗಮನ ಇಟ್ಟಿದ್ದರೆ ಅಣ್ಣನ ಕಣ್ಣು ಉಳಿಯುತ್ತಿತ್ತು ಅಂತ. ಊಟ ಮಾಡುತ್ತಿಲ್ಲವಂತೆ ಸರಿಯಾಗಿ.

ಬೆಲ್ ಆಯಿತು. ಇಷ್ಟು ಬೇಗ ಯಾರು… ಇವಳು ಬಾಗಿಲು ತೆಗೆದಳು. ಅತ್ತಿಗೆಯ ದನಿ. ಭಾನುವಾರ ಅಣ್ಣ ಕೊಡಲು ಮರೆತ ಡಬ್ಬದ ಮುಚ್ಚಳ ತಂದಿದ್ದಾರಂತೆ. ಒಬ್ಬರೇ.

ಕೂರುವ ಮೊದಲೇ ಹೇಳಬೇಕು. ಕಾಫಿ ಬರುವ ಮೊದಲೇ. "ಅತ್ತಿಗೆ, ತಪ್ಪು ನಿಮ್ಮದಲ್ಲ" ಅಂತ ಶುರು ಮಾಡಿ… ಎದ್ದೆ.