ಸಣ್ಣೀರಜ್ಜಿ, ಆ ಪುಡಿಗೆ ಏನ್ ಹಾಕಿದ್ದೆ?

ವೇದಾವತಿ ದಂಡೆ
ಫೆಬ್ರವರಿ 31, ಇಸ್ವಿ 2131

ಸಣ್ಣೀರಜ್ಜಿ,

ತಾರೀಖು ನೋಡಿ ನಗ್ಬೇಡ. ನಮ್ ಕಾಲದಾಗೆ ಫೆಬ್ರವರಿಗೂ ಮೂವತ್ತೊಂದು ದಿನ ಮಾಡವ್ರೆ, ಯಾಕೆ ಅಂತ ಯಾರೂ ಹೇಳಲ್ಲ. ಮಾತು ವಿಚಿತ್ರ ಅನ್ಸಿದ್ರೆ ಹೊಟ್ಟೆಗೆ ಹಾಕ್ಕೋ. ನಾನು ಬೋರೇಶ, ನಿನ್ ಮರಿಮಗನ ಮೊಮ್ಮಗ, ಹತ್ತನೇ ಕ್ಲಾಸ್ ತಂಕ ಓದಿದೋನು. ಇದನ್ನ ಹಿಂದಂಚೆಗೆ ಹಾಕ್ತೀನಿ. ಹಿಂದಂಚೆ ಅಂದ್ರೆ ಕಾಗದಾನ ಹೋದ ಕಾಲಕ್ಕೆ ಕಳ್ಸೋ ಅಂಚೆ. ಅದರ ಮೇಲೆ ನಂಗೆ ನಂಬಿಕೆ ಅಷ್ಟಕ್ಕಷ್ಟೆ. ನಿನ್ ಮೇಲೂ ಅಷ್ಟೆ.

ಇಲ್ಲಿ ಜೇನ್ನೊಣ ಕಾಣಾದೇ ಅಪರೂಪ. ಕುಂಬಳ ಕಾಯಿ ಕಚ್ಬೇಕಂದ್ರೆ ಗಂಡುಹೂವಿನ ಪುಡೀನ ಸಣ್ಣ ಕುಂಚದಾಗೆ ತೆಗ್ದು ಹೆಣ್ಣುಹೂವಿಗೆ ನಾವೇ ಮುಟ್ಟಿಸ್ಬೇಕು. ಈ ಕೆಲ್ಸದೋರ್ನ ಕುಂಚದೋರು ಅಂತೀವಿ. ನನ್ನ ಸಾಕಿದ ನಾಗವೇಣತ್ತೆ, ಅಪ್ಪನ ಅಕ್ಕ, ಈ ಸೀಮೆಗೇ ಹೆಸರಾದ ಕುಂಚದೋಳು. ಕುಂಬಳದ ಹೂವು ಬೆಳಕು ಹರಿಯುವಾಗ ಅರಳುತ್ತೆ, ಬಿಸ್ಲೇರಿದ್ರೆ ಮುದುಡುತ್ತೆ. ಹೋದ ವರ್ಷ ಅತ್ತೆಯ ಎರಡೂ ಕೈ ಬೆರಳ ಗಿಣ್ಣು ಊದ್ಕೊಂಡ್ವು. ಎದ್ದಾಗ ಮುಷ್ಟಿ ಕಟ್ಟೋಕಾಗಲ್ಲ. ಬಿಸಿನೀರಾಗೆ ಕೈ ಇಟ್ಟು, ಒದ್ದೆ ಬಟ್ಟೆ ಮೆತ್ತಗೆ ಹಿಂಡಿ, ಬೆರಳು ಒಂದೊಂದೇ ಮಡಚಿ ಬಿಚ್ಚಿ, ಸಡಿಲ ಆಗೋ ಹೊತ್ತಿಗೆ ಹೂವು ಬಾಯ್ ಮುಚ್ಕೊಂಡಿರೋದು. ಹೊಲದ ಬದುವಿನ ಮೇಲೆ ಕೂತು ಅಳೋಳು.

ಆಗ ಬಂದ ನೋಡು ನೆರಳುಗಾಡಿಯೋನು. ಬಿಸ್ಲಿಗೆ ತಾನೇ ಚಪ್ಪರ ಬಿಚ್ಕೊಳ್ಳೋ ಗಾಡಿ ಅದು. ಅವನು ಮಾರೋ ಪುಡಿ ಪೊಟ್ಟಣದ ಮೇಲೆ 'ಸಣ್ಣೀರಜ್ಜಿ ವಾತದ ಪುಡಿ, ಬರೀ ಬೇರು ಸೊಪ್ಪು' ಅಂತ ಐತೆ. ಕೆಳಗೆ ನಿನ್ ಫೋಟೋ, ನಮ್ ಗೋಡೆ ಮೇಲಿರೋದೇ. ಅದನ್ನ ತಿಂದ ಎರಡೇ ದಿನಕ್ಕೆ ಅತ್ತೆ ಬೆರಳು ಕುಣಿದ್ವು. ಊರೆಲ್ಲ ಕೈ ಮುಗೀತು, ನಂಗೆ ಗುಮಾನಿ. ಬೇರು ಸೊಪ್ಪು ಅಷ್ಟು ಬೇಗ ಕೆಲ್ಸ ಮಾಡುತ್ತಾ? ಬರ್ತಾ ಬರ್ತಾ ಅತ್ತೆ ಮುಖ ಯಾಕೆ ಗುಂಡಗೆ ಉಬ್ತು? ಗಾಡಿಯೋನು ಯಾಕೆ ನನ್ ಕಣ್ಣು ತಪ್ಪಿಸ್ತಾನೆ?

ಒಂದು ಚಿಟಿಕೆ ಕದ್ದು ಆಸ್ಪತ್ರೆಗೆ ತಗೊಂಡೋದೆ. ಪುಡಿಯಾಗೆ ಸ್ಟೀರಾಯ್ಡ್ ಬೆರೆಸವ್ರೆ ಅಂದ್ಲು ಡಾಕ್ಟ್ರಮ್ಮ. ನಾನು ಹೇಳಿದ್ದೆಲ್ಲ ಕೇಳಿ, ಇದು ವಯಸ್ಸಿಗೆ ಸವೆಯೋ ಮಂಡಿನೋವಿನ ಥರ ಅಲ್ಲ, ಮೈಯೇ ತನ್ ಕೀಲನ್ನ ಕೆಡಿಸ್ಕೊಳ್ಳೋ ವಾತ ಇರ್ಬೇಕು ಅಂದ್ಲು. ಬಿಸಿನೀರು, ಬೆರಳಿನ ಕಸರತ್ತು ನೋವಿಗೆ ಆಸರೆ, ಬಿಡ್ಬೇಡಿ, ಆದ್ರೆ ರೋಗ ತಡೆಯೋಕೆ ಬೇರೆ ಔಷಧಾನೇ ಬೇಕು. ಪುಡೀನ ದಿಢೀರ್ ನಿಲ್ಸಿದ್ರೆ ಜೀವಕ್ಕೇ ಕುತ್ತು, ಕರ್ಕೊಂಡ್ ಬಾ, ನಾವೇ ನೋಡ್ಕೊಂಡು ಇಳಿಸ್ತೀವಿ, ಅಂದ್ಲು. ಅವ್ಳ ಮೇಲೂ ಅನುಮಾನ ಬಂದು ಇನ್ನೊಂದು ಆಸ್ಪತ್ರೆಗೂ ಹೋದೆ. ಅಲ್ಲೂ ಅದೇ ಮಾತು.

ಅತ್ತೆಗೆ ಹೇಳಿದ್ರೆ, "ಏನಲೇ, ಹತ್ತನೇ ಕ್ಲಾಸಿಗೇ ಡಾಕ್ಟ್ರಾಗ್ಬುಟ್ಟೆಯಾ? ನಮ್ಮಜ್ಜಿ ನಮಗೇ ವಿಷ ಇಕ್ತಾಳಾ? ಅವ್ಳೇ ಬಂದು ಹೇಳ್ಲಿ, ಆಸ್ಪತ್ರೆಗೆ ಬರ್ತೀನಿ" ಅಂದ್ಲು.

ಅದಕ್ಕೇ ನಿಂಗೆ ಬರೀತಿರೋದು. ನೀನು ಊರೋರಿಗೆ ವಾತದ ಪುಡಿ ಕುಟ್ಟಿ ಕೊಡ್ತಿದ್ದ ಒರಳುಕಲ್ಲು ಇನ್ನೂ ನಮ್ ಹಿತ್ಲಾಗೆ ಐತೆ. ನಿನ್ ಕಾಲದಿಂದ ಅದನ್ನ ಯಾರೂ ಕದಲ್ಸಿಲ್ವಂತೆ, ಅರ್ಧ ಮಣ್ಣಾಗೆ ಹೂತೈತೆ. ಅದರ ತಳಕ್ಕೆ ಕೆತ್ಸು ಅಜ್ಜಿ: ಏನೇನ್ ಹಾಕಿದ್ದೆ, ಏನ್ ಹಾಕಿರ್ಲಿಲ್ಲ. ಎರಡು ದಿನಕ್ಕೆ ನೋವು ಹೋಗುತ್ತೆ ಅಂತ ನೀನು ಯಾರಿಗಾದ್ರೂ ಹೇಳಿದ್ದೆಯಾ? ಇಲ್ಲ ನಿನ್ ಹೆಸರು ಹಿಡ್ಕೊಂಡು ಬೇರೆಯೋರು ಬೆರೆಸಿದ್ರಾ?

ನೀನು ಕೆತ್ಸಿದ್ರೆ ಅದು ಇಷ್ಟೊತ್ತಿಗೆ ಅಲ್ಲೇ ಇರ್ಬೇಕು. ಈ ಕಾಗದ ಅಂಚೆಗೆ ಹಾಕಿ ಬಂದು, ಅತ್ತೆನ ಪಕ್ಕದಾಗೆ ನಿಲ್ಸ್ಕೊಂಡು, ಹಾರೆ ಕೊಟ್ಟು ಮಗುಚ್ತೀನಿ. ತಳ ಖಾಲಿ ಇದ್ರೆ ಏನ್ ತಿಳ್ಕೊಳ್ಲಿ? ಕಾಗದ ಮುಟ್ಲಿಲ್ಲ ಅಂತಾನಾ, ನೀನೂ ಗಾಡಿಯೋನ ಕಡೆಯೋಳೇ ಅಂತಾನಾ?

ಹೊರಗೆ ಅತ್ತೆ ಕುಂಚ ತೊಳೀತಾ ಹಾಡ್ಕೊಳ್ತಾವ್ಳೆ. ಒಂದೇ ಸಾಲು ಸಾಕಜ್ಜಿ.

ನಿನ್ನೋನೋ ಅಲ್ವೋ ನೀನೇ ಹೇಳ್ಬೇಕಾದ,
ಬೋರೇಶ